‘ಸದ್ಯಕ್ಕೆ’ ಸೋಫಾ

ಮದುವೆಗೆ ಮುಂಚೆ ಗಂಡಸರು ಕೊಡುವ ಮಾತುಗಳಲ್ಲಿ ಬಹುಪಾಲು ಆಕಾಶಕ್ಕೆ ಸಂಬಂಧಪಟ್ಟವು. ಚಂದ್ರನನ್ನು ತಂದುಕೊಡುತ್ತೇನೆ, ನಕ್ಷತ್ರ ಕಿತ್ತುಕೊಡುತ್ತೇನೆ ಎಂದವನನ್ನು ಯಾವ ಹೆಂಡತಿಯೂ ಆಮೇಲೆ ಹಿಡಿದು ಕೇಳುವುದಿಲ್ಲ. ಸ್ಪ್ರಿಂಗಣ್ಣ ಮಾಡಿದ ತಪ್ಪೆಂದರೆ, ಕೈಗೆಟುಕುವ ವಸ್ತುವಿನ ಮೇಲೆ ಮಾತು ಕೊಟ್ಟದ್ದು.

ಅವನದು ಸೋಫಾ ರಿಪೇರಿ ಅಂಗಡಿ. ರಿಪೇರಿ ಮುಗಿದ ಪ್ರತಿ ಸೋಫಾದ ಮೇಲೂ ತಾನೇ ಮೊದಲು ಕೂತು, ಕುಣಿದು, ಸ್ಪ್ರಿಂಗು ಕಿರುಗುಟ್ಟಲಿಲ್ಲವೆಂದು ಖಾತ್ರಿಯಾದ ಮೇಲೇ ಗಿರಾಕಿಗೆ ಒಪ್ಪಿಸುವುದು ಅವನ ಪದ್ಧತಿ. ಹೀಗೆ ಕುಣಿದೂ ಕುಣಿದೂ ಊರವರ ಬಾಯಲ್ಲಿ ಸ್ಪ್ರಿಂಗಣ್ಣನಾಗಿದ್ದ. ಮದುವೆಯ ಮಾತುಕತೆಯ ದಿನ ಹುಡುಗಿಯ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದಳು:

“ನೀವು ಊರವರ ಸೋಫಾಗೆ ತೇಪೆ ಹಾಕೋರು. ನಮ್ಮ ಹುಡುಗಿ ಎಲ್ಲಿ ಕೂತ್ಕೋಬೇಕು?”

ಆಗಿನ್ನೂ ಸ್ಪ್ರಿಂಗಣ್ಣನ ಮೀಸೆಯೂ ಬಾಯಿಯೂ ಜೋರಾಗಿದ್ದ ಕಾಲ. “ನನ್ನ ಕೈಯಾರೆ ಒಂದು ಸೋಫಾ ಮಾಡ್ತೀನಿ. ಅದರ ಮೇಲೆ ಮೊದಲು ಕೂರೋಳು ನಿಮ್ಮ ತಂಗಿ. ಅವಳು ಕಾಲು ಚಾಚಿ ಕೂತಿರ್ತಾಳೆ, ನಿಮ್ಮೆದುರೇ ನಾನು ಕಾಫಿ ತಂದ್ಕೊಡ್ತೀನಿ. ನೋಡ್ತಾ ಇರಿ!”

ಅಕ್ಕ ನೋಡುತ್ತಲೇ ಇದ್ದಳು.

ಮದುವೆಯಾದ ಹೊಸತರಲ್ಲಿ, ರಿಪೇರಿಗೆಂದು ಬಂದ ಒಂದು ಸೋಫಾದ ಯಜಮಾನ ಊರು ಬಿಟ್ಟು ಹೋದ, ಸೋಫಾ ಉಳಿಯಿತು. “ಸದ್ಯಕ್ಕೆ ಇದು ಇರಲಿ” ಎಂದು ಸ್ಪ್ರಿಂಗಣ್ಣ ಅದನ್ನೇ ಮನೆಗೆ ಹೊರಿಸಿಕೊಂಡು ಬಂದ. ಮಗಳು ಹುಟ್ಟಿದಳು, ಅದರ ತೋಳನ್ನು ಕಚ್ಚಿ ಹಲ್ಲು ಬರಿಸಿಕೊಂಡಳು, ಅದರ ಬೆನ್ನಿನ ಮೇಲೆ ಅಳಿಸಲಾಗದ ಮಸಿಯಲ್ಲಿ ಅಕ್ಷರ ಕಲಿತಳು. ಮುರಿದ ಕಾಲಿನ ಜಾಗಕ್ಕೆ ಇಟ್ಟಿಗೆ ಬಂತು. ಬಲಭಾಗದಲ್ಲಿ ಸ್ಪ್ರಿಂಗೊಂದು ತಲೆಯೆತ್ತಿ ಮನೆಯ ವ್ಯವಹಾರಗಳನ್ನು ಗಮನಿಸತೊಡಗಿತು. ಹೆಂಡತಿ ಅದಕ್ಕೆ ‘ಸದ್ಯಕ್ಕೆ’ ಎಂದೇ ಹೆಸರಿಟ್ಟಳು. “ಪುಟ್ಟೀ, ಸದ್ಯಕ್ಕೆಯ ಬಲಗಡೆ ಹೋಗ್ಬೇಡ, ಚುಚ್ಚುತ್ತೆ” ಎನ್ನುವುದು ಆ ಮನೆಯಲ್ಲಿ ‘ಊಟಕ್ಕೆ ಬಾ’ ಎನ್ನುವಷ್ಟೇ ಸಹಜವಾದ ಮಾತಾಯಿತು. ದೂರದ ಊರಿನಿಂದ ಅಕ್ಕ ಫೋನು ಮಾಡಿ “ಸೋಫಾ ಆಯ್ತೇನೇ?” ಎಂದಾಗಲೆಲ್ಲ ಅವಳು ಅಡುಗೆಮನೆಯಲ್ಲಿ ನಿಂತುಕೊಂಡು, “ಅದರ ಮೇಲೇ ಕೂತು ಮಾತಾಡ್ತಿದೀನಲ್ಲಕ್ಕಾ” ಎನ್ನುತ್ತಿದ್ದಳು.

ಸುಳ್ಳಿಗೂ ಒಂದು ಆಯಸ್ಸಿರುತ್ತದೆ. ಒಂದು ದಿನ ಅಕ್ಕ ಫೋನು ಮಾಡಿ, ಬರುವ ಭಾನುವಾರ ತಾನೇ ಬರುತ್ತೇನೆ ಎಂದಳು.

ಹೆಂಡತಿ ಕೂಗಾಡಲಿಲ್ಲ. ಸ್ಪ್ರಿಂಗಣ್ಣ ಹೆದರಿದ್ದು ಅದಕ್ಕೇ.

“ರೀ, ಅಕ್ಕ ಬರೋಷ್ಟರಲ್ಲಿ ಸೋಫಾ ಆಗಿರ್ಬೇಕು. ಆಗದಿದ್ರೆ ನಾನು ಪುಟ್ಟೀನ ಕರ್ಕೊಂಡು ಅಕ್ಕನ ಜೊತೇನೇ ಹೊರಟುಬಿಡ್ತೀನಿ. ಅವರ ಮನೇಲಿ ಕೂರೋಕೆ ಜಾಗ ಇದೆ.”

“ಆಯ್ತು ಕಣೇ, ಈ ವಾರ ಮಾಡೇಬಿಡ್ತೀನಿ. ಅಂಗಡಿ ಕಡೆ ಸ್ವಲ್ಪ ನೋಡ್ಕೊಂಡು...”

ಅಂಗಡಿಯ ಕಡೆ ನೋಡುವುದಕ್ಕೆ ಏನೂ ಇರಲಿಲ್ಲ. ಎದುರಿಗೇ ಗಾಜಿನ ಗೋಡೆಯ ದೊಡ್ಡ ಷೋರೂಮು ಬಂದು ಕೂತ ಮೇಲೆ ಜನ ಹಳೆಯ ಸೋಫಾವನ್ನು ಬೀದಿಗೆ ಹಾಕಿ ಹೊಸದನ್ನು ಕಂತಿನಲ್ಲಿ ಮನೆಗೆ ಕರೆದೊಯ್ಯುತ್ತಿದ್ದರು. ಸ್ಪ್ರಿಂಗಣ್ಣ ದಿನವಿಡೀ ಬಾಗಿಲಲ್ಲಿ ನಿಂತು, ಎದುರಿನ ಗಾಜಿನಲ್ಲಿ ತನ್ನ ಖಾಲಿ ಅಂಗಡಿಯ ಪ್ರತಿಬಿಂಬ ನೋಡುತ್ತಿದ್ದ.

ಇಂಥ ಹೊತ್ತಿನಲ್ಲಿ ಸಲಹೆ ಕೊಡುವುದಕ್ಕೆಂದೇ ದೇವರು ಭಾಮೈದುನರನ್ನು ಸೃಷ್ಟಿಸಿದ್ದಾನೆ. ಸ್ಪ್ರಿಂಗಣ್ಣನ ಭಾಮೈದ ಮೊಬೈಲಿಗೆ ಕವರು ಮಾರುವವನು. ಆ ಬಲದಿಂದ ಮೊಬೈಲಿನ ಒಳಗಿನ ಪ್ರಪಂಚವೂ ತನ್ನದೇ ಎಂದು ನಂಬಿದ್ದ.

“ಭಾವ, ಈಗ ಜನ ಓದಲ್ಲ, ನೋಡ್ತಾರೆ. ಬೋರ್ಡಲ್ಲಿ ‘ಇಲ್ಲಿ ಸೋಫಾ ರಿಪೇರಿ ಮಾಡಲಾಗುವುದು’ ಅಂತ ಬರೆದ್ರೆ ಯಾರಿಗೆ ಬೇಕು? ಚಿತ್ರ ಹಾಕಿ. ದಿನಾ ಹಾಕಿ. ಕಣ್ಣಿಗೆ ಬೀಳದ ಅಂಗಡಿ ಇದ್ದೂ ಇಲ್ಲದ ಹಾಗೆ.”

ಸ್ಪ್ರಿಂಗಣ್ಣ ಹಾಕಿದ. ಮೊದಲನೆಯದು ಇಬ್ಬನಿ ತುಂಬಿದ ಗುಲಾಬಿ. ಮೇಲೆ ‘ಶುಭೋದಯ’, ಕೆಳಗೆ ‘ರೆಕ್ಸಿನ್ ಬದಲಾಯಿಸಲಾಗುವುದು’. ಅದನ್ನು ಮೆಚ್ಚಿದವನು ಅವನೊಬ್ಬನೇ. ಎರಡನೆಯದು ಮೊಳೆಗಳ ರಾಶಿ, ಬಹಳ ಹತ್ತಿರದಿಂದ ತೆಗೆದದ್ದು. “ಕೆಜಿಗೆ ಎಷ್ಟು?” ಎಂದು ಒಬ್ಬ ಕೇಳಿದ. ಮೂರನೆಯದರಲ್ಲಿ ಸ್ವತಃ ತಾನೇ ಒಂದು ಕುರ್ಚಿಯ ಪಕ್ಕ ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಕಣ್ಣು ಮಿಟುಕಿಸದೆ ನಿಂತ. ಕೆಳಗೆ ಯಾರೋ ಮರುಕದಿಂದ ಬರೆದಿದ್ದರು: “ಛೆ, ಯಾವಾಗಿಂದ ಕಾಣೆಯಾಗಿದ್ದಾರೆ?”

ಅಷ್ಟರಲ್ಲಿ ಅವನಿಗೆ ಹಲ್ಲುನೋವು ಬಂತು. ಚಿಂತೆಗೂ ದವಡೆಗೂ ಹತ್ತಿರದ ಸಂಬಂಧ. ದಂತವೈದ್ಯರ ಹತ್ತಿರ ಹೋದ. ಹೋದ ತಿಂಗಳು ತಾನೇ ಅವರ ಕ್ಲಿನಿಕ್ಕಿನ ಸೋಫಾಗೆ ಹಸಿರು ಬಟ್ಟೆ ಹೊದಿಸಿ ಕೊಟ್ಟಿದ್ದರಿಂದ ಸಲಿಗೆಯೂ ಇತ್ತು. ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಬಾಯಲ್ಲಿ ಹತ್ತಿ ತುರುಕಿಸಿಕೊಂಡು ಮಲಗಿದಾಗ ಎದುರು ಗೋಡೆಯ ಎರಡು ಚಿತ್ರ ಕಂಡವು. ಒಂದರಲ್ಲಿ ಹಾಳು ಬಿದ್ದ ಕೋಟೆಯಂಥ ಹಲ್ಲುಸಾಲು, ಕೆಳಗೆ ‘ಮೊದಲು’. ಇನ್ನೊಂದರಲ್ಲಿ ಮುತ್ತು ಪೋಣಿಸಿದಂಥ ಹಲ್ಲುಸಾಲು, ಕೆಳಗೆ ‘ಆಮೇಲೆ’.

“ಆಆಆ!” ಎಂದ ಸ್ಪ್ರಿಂಗಣ್ಣ.

“ನಾನಿನ್ನೂ ಮುಟ್ಟೇ ಇಲ್ವಲ್ರೀ!” ಎಂದರು ಡಾಕ್ಟರು.

ಮುಟ್ಟಿರಲಿಲ್ಲ. ಜ್ಞಾನೋದಯವಾಗಿತ್ತು. ಅನೇಕರಿಗೆ ಅದು ಕಣ್ಣು ಮುಚ್ಚಿದಾಗ ಆಗುತ್ತದೆ, ಸ್ಪ್ರಿಂಗಣ್ಣನಿಗೆ ಬಾಯಿ ತೆರೆದಾಗ ಆಯಿತು.

ಹೊರಡುವಾಗ ಕಾಯುವ ಕೋಣೆಯ ಹಸಿರು ಸೋಫಾದ ಒಳ್ಳೆಯದೊಂದು ಫೋಟೋ ತೆಗೆದುಕೊಂಡ. ಹಿಂದಿನ ಗೋಡೆಯಲ್ಲಿ ಬ್ರಷ್ಷು ಹಿಡಿದು ನಗುವ ದೊಡ್ಡ ಹಲ್ಲಿನ ಬೊಂಬೆ ಬರೆಸಿದ್ದರು; ಅದೂ ಅಂದವಾಗಿ ಬಂತು. ‘ಆಮೇಲೆ’ ಸಿಕ್ಕಿತು. ‘ಮೊದಲು’ ಎಲ್ಲಿಂದ ತರುವುದು? ರಿಪೇರಿಗೆ ಮುಂಚಿನ ಫೋಟೋ ತೆಗೆಯಬೇಕೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅಲ್ಲದೆ ಡಾಕ್ಟರ ಹಳೆಯ ಸೋಫಾಕ್ಕೆ ಆಗಿದ್ದದ್ದು ಬಣ್ಣ ಮಾಸಿದ್ದು, ಒಂದು ಹೊಲಿಗೆ ಬಿಟ್ಟಿದ್ದು, ಅಷ್ಟೇ.

“ಮನೇಲಿ ಸದ್ಯಕ್ಕೆ ಇದೆಯಲ್ಲ ಭಾವ!” ಎಂದ ಭಾಮೈದ. “ಯಾವ ಸೋಫಾ ಅಂತ ಯಾರು ಕೇಳ್ತಾರೆ? ಹರಿದ ಮೇಲೆ ಎಲ್ಲ ಸೋಫಾನೂ ಒಂದೇ.”

ಅಂದು ಸಂಜೆ ಸ್ಪ್ರಿಂಗಣ್ಣ ಸದ್ಯಕ್ಕೆಯ ಮೇಲಿನ ಹೊದಿಕೆ ತೆಗೆದ. ಕಿಟಕಿ ಪೂರಾ ತೆರೆದ, ಬೆಳಕು ಬರುವಂತೆ ಎಳೆದು ನಿಲ್ಲಿಸಿದ, ಮಂಡಿಯೂರಿ ನಾನಾ ಕೋನಗಳಿಂದ ಫೋಟೋ ಹೊಡೆದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅಂತೂ ಶುರುಮಾಡಿದರು, ಅಳತೆಗೆ ಫೋಟೋ ತೆಗೆಯುತ್ತಿದ್ದಾರೆ ಎಂದುಕೊಂಡಳು. ಕೇಳದೆಯೇ ಕಾಫಿ ತಂದುಕೊಟ್ಟಳು. “ಬಟ್ಟೆ ನೀಲಿ ಹಾಕ್ತೀರಾ?” ಎಂದಳು.

ಸ್ಪ್ರಿಂಗಣ್ಣ ‘ಹೂಂ’ ಎಂದ. ಕೈಯಲ್ಲಿ ಬಿಸಿ ಕಾಫಿ ಇದ್ದಾಗ ಗಂಡಸು ಸತ್ಯ ಹೇಳಿದ ಉದಾಹರಣೆ ಚರಿತ್ರೆಯಲ್ಲಿಲ್ಲ.

ಎರಡು ಚಿತ್ರ ಅಕ್ಕಪಕ್ಕ ಇಟ್ಟು ಹಾಕಿದ್ದೇ ತಡ, ಊರು ಎದ್ದು ಕೂತಿತು.

“ಅಯ್ಯಯ್ಯೋ, ಇದು ಸೋಫಾನಾ, ಅಪಘಾತಾನಾ?”

“ಎಡಗಡೆ ತೂತಲ್ಲಿ ನೋಡಿ. ಇಲಿ!”

“ಇಲಿ ಅಲ್ರೀ, ಹೆಗ್ಗಣ. ಬಾಲ ನೋಡಿ ಎಷ್ಟುದ್ದ.”

ಸ್ಪ್ರಿಂಗಣ್ಣ ಫೋನನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದ. ಹೌದು, ತೂತಿನಲ್ಲಿ ಬೂದು ಬಣ್ಣದ್ದೇನೋ ಇತ್ತು, ಬಾಲವೂ ಇತ್ತು. ತನ್ನ ಮನೆಯಲ್ಲಿ ಇಲಿ ಇದೆಯೆಂದು ಅವನಿಗೂ ಆಗಲೇ ಗೊತ್ತಾದದ್ದು. ಭಾಮೈದ ಮಾತ್ರ ಕುಣಿದಾಡಿದ. ಕೂಡಲೇ ಅದೇ ಚಿತ್ರದಲ್ಲಿ ತೂತಿನ ಸುತ್ತ ಕೆಂಪು ವೃತ್ತ ಎಳೆದು, ಒಂದು ಕೆಂಪು ಬಾಣ ಬಿಟ್ಟು, ಪಕ್ಕದಲ್ಲಿ ಬಾಯಿ ತೆರೆದ ಮುಖದ ಗೊಂಬೆ ಅಂಟಿಸಿ, ‘ಇದನ್ನೂ ಸರಿಮಾಡಿದ್ದೇವೆ!’ ಎಂದು ಬರೆದು ಮತ್ತೆ ಹಾಕಿದ. ಬಾಣ ಕಂಡ ಕಡೆ ನೋಡುವುದು ಮನುಷ್ಯನ ಹುಟ್ಟುಗುಣ. ಊರಿಗೆ ಊರೇ ನೋಡಿತು.

ಮರುದಿನ ಅಂಗಡಿಯ ಮುಂದೆ ಗಾಡಿಗಳು ಬಂದವು. ಗಾಡಿಗಳ ಮೇಲೆ ಸೋಫಾಗಳು. “ಆ ಇಲಿ ಸೋಫಾನೇ ಹಾಗೆ ಮಾಡ್ಕೊಟ್ಟಿದೀರಿ ಅಂದ್ಮೇಲೆ ನಮ್ದೇನು ಮಹಾ ಬಿಡಿ” ಎಂದರು ಒಬ್ಬರು. “ನಮ್ದ್ರಲ್ಲಿ ಇಲಿ ಇಲ್ಲ, ಕಮ್ಮಿ ಮಾಡ್ಕೊಳ್ಳಿ” ಎಂದರು ಇನ್ನೊಬ್ಬರು. ಎದುರಿನ ಷೋರೂಮಿನ ಹುಡುಗಿಯರು ಈಗ ಬಾಗಿಲಲ್ಲಿ ನಿಂತು ಇತ್ತ ನೋಡುವಂತಾಯಿತು.

ಮನೆಯಲ್ಲಿ ಹೆಂಡತಿ ಕೇಳಿದಳು, “ರೀ, ಸದ್ಯಕ್ಕೇನ ಯಾವಾಗ ಬಿಚ್ತೀರಿ?”

ಉತ್ತರ ಕೊಟ್ಟವನು ಅವಳ ತಮ್ಮ. “ಅಕ್ಕಾ, ಅದನ್ನ ಯಾರೂ ಮುಟ್ಟಕೂಡದು! ಮುಂದಿನ ವಾರಕ್ಕೂ ಇದೇ ‘ಮೊದಲು’. ಇದು ಹರಿದಿರೋಷ್ಟು ದಿನ ನಮ್ಮ ಹೊಟ್ಟೆ ತುಂಬಿರುತ್ತೆ.”

ಹೆಂಡತಿ ಗಂಡನ ಮುಖ ನೋಡಿದಳು. ಸ್ಪ್ರಿಂಗಣ್ಣ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, “ಭಾನುವಾರಕ್ಕಿನ್ನೂ ಟೈಮಿದೆ” ಎಂದ. ಅವಳು ಒಳಗೆ ಹೋಗಿ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದಳು. ಆ ಸದ್ದು ಅವನಿಗೆ ಕೇಳಿಸಿತು. ಆದರೆ ಹೊರಗೆ ಇನ್ನೊಬ್ಬ ಗಿರಾಕಿಯೂ ಕರೆಯುತ್ತಿದ್ದ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಚೆಲ್ಲಾಟ ಇಲಿಯದು, ಸಂಕಟ ಡಾಕ್ಟರದು. ಗೋಡೆಯ ಮೇಲೆ ನಗುವ ಹಲ್ಲು ಊರಲ್ಲಿ ಒಂದೇ ಇದ್ದದ್ದು. ಕ್ಲಿನಿಕ್ಕು ಯಾರದೆಂದು ಹೇಳುವುದಕ್ಕೆ ಜನರಿಗೆ ಬಾಣವೂ ಬೇಕಾಗಲಿಲ್ಲ.

“ಆ ಸೋಫಾ ಮೇಲೆ ನಾನು ಕೂತಿದ್ದೆ ಕಣ್ರೀ. ಅವತ್ತಿಂದ್ಲೇ ಕಾಲು ಕೆರೆತ!”

“ನಮ್ಮ ಮಾವನ ಹಲ್ಲು ಕಿತ್ತಿದ್ದು ಅಲ್ಲೇ. ಕಿತ್ತಿದ್ದು ಡಾಕ್ಟ್ರೋ, ಹೆಗ್ಗಣಾನೋ!”

ರೋಗಿಗಳು ನಿಂತುಹೋದರು. ಬಂದವರೂ ನಿಂತೇ ಇದ್ದರು. ಹಸಿರು ಸೋಫಾದ ಮೇಲೆ ಯಾರೂ ಕೂರಲಿಲ್ಲ. ಡಾಕ್ಟರು ಸ್ಪ್ರಿಂಗಣ್ಣನಿಗೆ ಫೋನು ಮಾಡಿದರು, ಅವನು ತೆಗೆಯಲಿಲ್ಲ. ಮತ್ತೆ ಮಾಡಿದರು, ಮತ್ತೆ ತೆಗೆಯಲಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಬಾಣದ ಚಿತ್ರವನ್ನು ಆರೋಗ್ಯಾಧಿಕಾರಿಗಳಿಗೆ ಕಳಿಸಿದ್ದರು. ಅಧಿಕಾರಿಗಳು ಟಾರ್ಚು ಹಿಡಿದು ಕ್ಲಿನಿಕ್ಕಿಗೆ ಬಂದು, ಹಸಿರು ಸೋಫಾದ ಕೆಳಗೆ ಮಲಗಿ ಹುಡುಕಿದರು.

“ಸಾರ್, ಇಲಿ ಇರೋ ಆ ಸೋಫಾ ನನ್ನದು ಅಲ್ಲವೇ ಅಲ್ಲ!” ಎಂದರು ಡಾಕ್ಟರು.

“‘ಆಮೇಲೆ’ ನಿಮ್ಮದು ತಾನೆ? ಹಾಗಾದ್ರೆ ‘ಮೊದಲು’ ಯಾರದು? ಆ ಇಲಿ ಈಗ ಎಲ್ಲಿದೆ? ನನಗೆ ಇಲಿ ಬೇಕು. ಇಲಿ ಸಿಗದೆ ನಾನು ಈ ಕೇಸು ಮುಗ್ಸಲ್ಲ.”

ಭಾನುವಾರ ಬಂತು. ಹೆಂಡತಿಯ ಪೆಟ್ಟಿಗೆ ತುಂಬಿ ಬಾಗಿಲ ಪಕ್ಕದಲ್ಲಿತ್ತು. ಆದರೂ ಬಂದ ಅಕ್ಕನೆದುರು ಗಂಡನ ಮಾನವನ್ನು ತಾನಾಗಿ ಹರಾಜು ಹಾಕುವುದು ಬೇಡವೆಂದು, ಸದ್ಯಕ್ಕೆಗೆ ಹೊಸ ಹೊದಿಕೆ ಹೊದಿಸಿ, ಸುತ್ತ ದಿಂಬುಗಳ ಕಾವಲಿಟ್ಟಿದ್ದಳು. ನಡುಭಾಗದಲ್ಲಿ ಮೆಲ್ಲಗೆ ಕೂತರೆ ಅಪಾಯವಿಲ್ಲ ಎಂಬುದು ಮನೆಯವರ ಅನುಭವ. ಆದರೆ ಆ ಅಕ್ಕ, ಮನೆಯವರೆಲ್ಲರ ಬಾಯಲ್ಲಿ ದೊಡ್ಡಕ್ಕ, ಯಾವುದನ್ನೂ ಮೆಲ್ಲಗೆ ಮಾಡಿದವಳಲ್ಲ. ಒಳಗೆ ಕಾಲಿಟ್ಟವಳೇ, “ಇದೇ ಏನೇ ಆ ಸೋಫಾ?” ಎಂದು ನೇರ ಬಲಭಾಗಕ್ಕೆ ಹೋಗಿ ಮೈಭಾರವನ್ನೆಲ್ಲ ಬಿಟ್ಟು ಕೂತಳು.

‘ಟಂಯ್’ ಎಂಬ ಶಬ್ದ ಕೇಳಿಸಿತು.

ದೊಡ್ಡಕ್ಕನ ಮುಖದ ಬಣ್ಣ ಬದಲಾಯಿತು. ಏಳಲು ನೋಡಿದಳು, ಆಗಲಿಲ್ಲ. ಉಟ್ಟ ಹೊಸ ಬಟ್ಟೆಯನ್ನು ಸ್ಪ್ರಿಂಗು ಹಿಂದಿನಿಂದ ಗಟ್ಟಿಯಾಗಿ ಹಿಡಿದಿತ್ತು. ಆದರೆ ಮಾನವಂತೆ, ಬಾಯಿ ಬಿಡಲಿಲ್ಲ. “ಮೆತ್ತಗಿದೆ” ಎಂದಳು, ಹಲ್ಲು ಕಚ್ಚಿ.

ಆಗಲೇ ಬಾಗಿಲಲ್ಲಿ, ಫೋನು ತೆಗೆಯದ ಸ್ಪ್ರಿಂಗಣ್ಣನನ್ನು ಹುಡುಕಿಕೊಂಡು ಡಾಕ್ಟರು ಮತ್ತು ಆರೋಗ್ಯಾಧಿಕಾರಿಗಳು ಕಾಣಿಸಿಕೊಂಡರು. ಅವರ ಹಿಂದೆ, ಫೋನನ್ನು ಎತ್ತಿ ಹಿಡಿದ ಭಾಮೈದ. “ಮಾತಾಡ್ತಾ ಇರಿ ಭಾವ, ಊರೆಲ್ಲ ನೋಡ್ತಾ ಇದೆ, ನೇರ ಪ್ರಸಾರ!”

“ಅಮ್ಮಾ, ಸ್ವಲ್ಪ ಎದ್ದೇಳಿ. ಸೋಫಾ ನೋಡ್ಬೇಕು” ಎಂದರು ಅಧಿಕಾರಿಗಳು.

“ನಾನು ಏಳಲ್ಲ. ಬಂದ ನೆಂಟರನ್ನ ಎಬ್ಬಿಸೋದು ಯಾವೂರ ಮರ್ಯಾದೆ?”

“ಅಮ್ಮಾ, ಸರ್ಕಾರಿ ಕೆಲಸ.”

“ಸರ್ಕಾರಕ್ಕೆ ಕೂರೋಕೆ ಬೇರೆ ಜಾಗ ಇಲ್ವಾ?”

“ಕೂರೋಕಲ್ಲಮ್ಮ, ನಿಮ್ಮ ಕೆಳಗೆ ಹೆಗ್ಗಣ ಇದೆ.”

ದೊಡ್ಡಕ್ಕನ ಕಿರುಚಾಟಕ್ಕೆ ಪಕ್ಕದ ಮನೆಯವರೂ ಬಂದು ಕಿಟಕಿಯಲ್ಲಿ ಜಾಗ ಹಿಡಿದರು. ಮೇಲಕ್ಕೆ ಏಳಲಾರಳು, ಕೆಳಗೆ ಕೂರಲಾರಳು. ಸ್ಪ್ರಿಂಗು ಬಿಟ್ಟಷ್ಟು ಎತ್ತರಕ್ಕೆ ಎದ್ದು ಎದ್ದು ಬೀಳುತ್ತಿದ್ದಳು. ಆ ಕುಣಿತಕ್ಕೆ ಹೊದಿಕೆ ಜಾರಿತು. ಇಟ್ಟಿಗೆ, ಮಸಿಯ ಅಕ್ಷರ, ತೂತು ಎಲ್ಲವೂ ಬಯಲಾದವು.

“ಇದೇ! ಇದೇ ಸಾರ್ ಆ ಸೋಫಾ!” ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು. ಅಷ್ಟು ಹರಿದ ಸೋಫಾವನ್ನು ಕಂಡು ಅಷ್ಟು ಸಂತೋಷಪಟ್ಟ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಅಧಿಕಾರಿಗಳು ಕೈಗವಸು ತೊಟ್ಟರು. ಉಸಿರು ಬಿಗಿಹಿಡಿದು ತೂತಿನೊಳಗೆ ಕೈಹಾಕಿ, ಬಾಲ ಹಿಡಿದು, ಒಂದೇ ಏಟಿಗೆ ಎಳೆದರು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಗಾದೆ. ಇವರಿಗೆ ಆ ಇಲಿಯೂ ಸಿಗಲಿಲ್ಲ. ಕೈಯಲ್ಲಿ ನೇತಾಡುತ್ತಿದ್ದದ್ದು ಒಂದು ಬೂದು ಬಣ್ಣದ ಕಾಲುಚೀಲ. ಊರೆಲ್ಲ ಬಾಲವೆಂದು ನಂಬಿದ್ದು ಅದರಿಂದ ಬಿಟ್ಟುಕೊಂಡ ಉಣ್ಣೆಯ ಎಳೆ.

“ಪುಟ್ಟೀ, ಇದು ನಿನ್ನ ಸ್ಕೂಲಿನ ಕಾಲುಚೀಲ!” ಎಂದಳು ಹೆಂಡತಿ.

“ನಾನು ಅವತ್ತೇ ಹೇಳಿದ್ನಲ್ಲಮ್ಮ, ಸದ್ಯಕ್ಕೆ ನುಂಗ್ಬಿಡ್ತು ಅಂತ. ನೀನೇ ನಂಬಲಿಲ್ಲ, ಬೈದೆ” ಎಂದಳು ಮಗಳು. ಮಕ್ಕಳು ನಿಜ ಹೇಳಿದಾಗ ನಂಬದಿರುವುದು ಹೆತ್ತವರ ಹಳೆಯ ಚಾಳಿ.

ಡಾಕ್ಟರು ಸ್ಪ್ರಿಂಗಣ್ಣನ ಭುಜ ಹಿಡಿದು ಭಾಮೈದನ ಫೋನಿನ ಮುಂದೆ ನಿಲ್ಲಿಸಿದರು. “ಹೇಳ್ರೀ ಊರಿಗೆ. ಈ ಸೋಫಾ ಯಾರದು?”

ಸ್ಪ್ರಿಂಗಣ್ಣ ಫೋನು ನೋಡಿದ, ಕಿಟಕಿ ನೋಡಿದ, ಬಾಗಿಲ ಪಕ್ಕದ ಪೆಟ್ಟಿಗೆ ನೋಡಿದ. “ನಮ್ಮನೇದು,” ಎಂದ. “ಡಾಕ್ಟ್ರದ್ದಲ್ಲ. ಅವರ ಸೋಫಾ ಒಂದೇ ಒಂದು ಹೊಲಿಗೆ ಬಿಟ್ಟಿತ್ತು. ಇದು ನಾನು ನನ್ನ ಹೆಂಡತಿಗೆ ಕೊಟ್ಟಿರೋದು.”

ಕಿಟಕಿಯಲ್ಲಿದ್ದವರು ಇನ್ನಷ್ಟು ಒಳಕ್ಕೆ ಬಗ್ಗಿದರು. ಅಷ್ಟರಲ್ಲಿ ದೊಡ್ಡಕ್ಕನ ದನಿ ಸಣ್ಣಗೆ ಕೇಳಿಸಿತು. “ಯಾರಾದ್ರೂ ನನ್ನ ಬಿಡಿಸ್ರಪ್ಪಾ.”

ಸ್ಪ್ರಿಂಗಣ್ಣ ಕತ್ತರಿ, ಇಕ್ಕಳ ತಂದ. ಅವಳ ಬಟ್ಟೆ ಉಳಿಸಬೇಕಾದರೆ ಸೋಫಾ ಹೋಗಬೇಕಿತ್ತು. “ಭಾವ, ಬೇಡ! ಅದು ನಮ್ಮ ‘ಮೊದಲು’!” ಎಂದು ಭಾಮೈದ ಕೂಗಿದ. ಸ್ಪ್ರಿಂಗಣ್ಣ ಒಂದೇ ಸಲಕ್ಕೆ ಉದ್ದಕ್ಕೂ ಹರಿದುಬಿಟ್ಟ. ಸದ್ಯಕ್ಕೆ ದೊಡ್ಡದಾಗಿ ನಿಟ್ಟುಸಿರಿಟ್ಟು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿತು: ಬಾಚಣಿಗೆ, ಚಮಚ, ರಿಮೋಟಿನ ಮುಚ್ಚಳ, ಅರ್ಧ ಬಿಸ್ಕತ್ತು, ಏನೋ ಒಂದು ಬೆಳ್ಳಗಿನ ಚೂರು. ಡಾಕ್ಟರು ಆ ಚೂರನ್ನು ಬೆಳಕಿಗೆ ಹಿಡಿದು ನೋಡಿ, “ಹಾಲುಹಲ್ಲು. ಕೆಳಗಿನ ಸಾಲು. ಹುಳುಕಿಲ್ಲ, ಭೇಷ್!” ಎಂದು ಪುಟ್ಟಿಯ ಕೈಗಿಟ್ಟರು.

ದೊಡ್ಡಕ್ಕ ಬಟ್ಟೆ ಕೊಡವಿಕೊಂಡು ಎದ್ದು ನಿಂತಳು. ರಾಶಿಯನ್ನು ನೋಡಿದಳು. ತಂಗಿಯನ್ನು ನೋಡಿದಳು. “ಇದರ ಮೇಲೆ ಕೂತೇ ನನ್ನ ಹತ್ರ ಮಾತಾಡ್ತಿದ್ದೆಯೇನೇ?”

“ನಿಂತ್ಕೊಂಡೇ ಮಾತಾಡ್ತಿದ್ದೆ ಅಕ್ಕಾ.”

ದೊಡ್ಡಕ್ಕ ತಂಗಿಯ ಪೆಟ್ಟಿಗೆಯ ಮುಂದೆ ಬಂದಳು. ಇನ್ನೇನು ಎತ್ತಿಕೊಂಡಳು ಎಂದು ಸ್ಪ್ರಿಂಗಣ್ಣ ಕಣ್ಣು ಮುಚ್ಚಿದ. ಅವಳು ಅದರ ಮೇಲೆ ಕೂತಳು.

“ಅವತ್ತು ‘ನೋಡ್ತಾ ಇರಿ’ ಅಂದಿದ್ರಲ್ಲ? ನೋಡ್ಕೊಂಡೇ ಹೋಗ್ತೀನಿ. ಶುರುಮಾಡಿ.”

ಹೀಗೆ ಸ್ಪ್ರಿಂಗಣ್ಣನ ಬಾಳಿನಲ್ಲಿ ಮೊದಲ ಬಾರಿಗೆ ಮೇಲ್ವಿಚಾರಕಿಯ ಹುದ್ದೆ ಭರ್ತಿಯಾಯಿತು. ದೊಡ್ಡಕ್ಕ ಅಲ್ಲಿಂದ ಕದಲಲಿಲ್ಲ. ಹಳೆಯ ಮರ ಕೆರೆದು ಹೊಸ ಕಾಲು ಕೂರಿಸುವಾಗ “ಅದು ಸೊಟ್ಟ” ಎಂದಳು. ಸ್ಪ್ರಿಂಗು ಕಟ್ಟುವಾಗ “ನನಗೆ ಅದರ ಪರಿಚಯ ಇದೆ, ಇನ್ನೂ ಬಿಗಿ ಮಾಡಿ” ಎಂದಳು. ರಾತ್ರಿ ಹಾಸಿಗೆ ಅವಳಿಗೆ ಹೋಯಿತು, ಸ್ಪ್ರಿಂಗಣ್ಣ ನೆಲಕ್ಕೆ ಬಂದ. ನೆಲದಲ್ಲಿ ಮಲಗಿದವನಿಗೆ ಸೋಫಾ ಬೇಗ ಮುಗಿಸುವ ಹುಮ್ಮಸ್ಸು ತಾನಾಗಿ ಬರುತ್ತದೆ.

ಅಂಗಡಿ ಮುಳುಗಿತೆಂದು ಭಾಮೈದ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಆದರೆ ಜನರ ಲೆಕ್ಕಾಚಾರ ಯಾರಿಗೆ ಗೊತ್ತು? ನೇರ ಪ್ರಸಾರ ಕಂಡವರು, “ಪಾಪ, ತನ್ನ ಮನೆ ಸೋಫಾ ಹಾಗಿಟ್ಕೊಂಡು ನಮ್ದೆಲ್ಲ ಮಾಡ್ಕೊಟ್ಟಿದಾನೆ. ಮೋಸದ ಮನುಷ್ಯ ಅಲ್ಲ” ಎಂದು ತೀರ್ಮಾನಿಸಿದರು. ಮೋಸ ಹಿಡಿದುಕೊಟ್ಟ ವಿಡಿಯೋದಿಂದಲೇ ಪ್ರಾಮಾಣಿಕನೆಂಬ ಹೆಸರು ಬಂತು. ಡಾಕ್ಟರ ಕ್ಲಿನಿಕ್ಕಿಗೂ ರೋಗಿಗಳು ಮರಳಿದರು. ಹಸಿರು ಸೋಫಾದ ಮೇಲೆ ಕೂತು, ಅದರದೇ ಕತೆ ಹೇಳಿಕೊಂಡು ನಕ್ಕರು. ಆರೋಗ್ಯಾಧಿಕಾರಿಗಳು ಕಾಲುಚೀಲವನ್ನು ಒಗೆದು ಬಳಸುವಂತೆ ಎಚ್ಚರಿಕೆ ಕೊಟ್ಟು ಕೇಸು ಮುಗಿಸಿದರು.

ಭಾಮೈದ ಚೇತರಿಸಿಕೊಂಡು ಎಲ್ಲಿಂದಲೋ ಇನ್ನೊಂದು ಸೋಫಾ ತಂದ; ಸದ್ಯಕ್ಕೆಯನ್ನೇ ನಾಚಿಸುವಂಥದ್ದು. “ಭಾವ, ಹೊಸ ‘ಮೊದಲು’. ಅಂಗಡೀಲಿ ಜಾಗ ಇಲ್ಲ, ಸದ್ಯಕ್ಕೆ ಮನೇಲಿ...”

‘ಸದ್ಯಕ್ಕೆ’ ಎಂಬ ಶಬ್ದ ಕೇಳಿ ಅಕ್ಕತಂಗಿಯರಿಬ್ಬರೂ ಒಟ್ಟಿಗೆ ತಿರುಗಿದರು.

“ಇಡು,” ಎಂದಳು ಹೆಂಡತಿ. “ಆದ್ರೆ ಅದರ ಮೇಲೆ ನಿಮ್ಮ ಭಾವನೇ ಕೂರ್ಬೇಕು. ಬೇರೆ ಎಲ್ಲೂ ಕೂರೋ ಹಾಗಿಲ್ಲ.”

ನೀಲಿ ಬಟ್ಟೆಯ ಕೊನೆಯ ಪಿನ್ನು ಹೊಡೆದು ಮುಗಿಸಿದ ಸಂಜೆ, ಸ್ಪ್ರಿಂಗಣ್ಣ ಅಂಗಡಿಯ ಅಭ್ಯಾಸಬಲದಿಂದ ಕುಣಿದು ನೋಡಲು ಕೂರಲು ಹೋದ.

“ಏಯ್!” ಎಂದಳು ದೊಡ್ಡಕ್ಕ.

ಅರ್ಧ ಬಗ್ಗಿದವನು ಗಾಳಿಯಲ್ಲೇ ನಿಂತ. ಹೆಂಡತಿ ಕೈ ಒರೆಸಿಕೊಂಡು ಬಂದು, ಕೂತು, ಒಂದು ಕ್ಷಣ ತಡೆದು, ಸುತ್ತ ನೋಡಿ, ಕಾಲು ಚಾಚಿದಳು. ಸ್ಪ್ರಿಂಗು ಕಿರುಗುಟ್ಟಲಿಲ್ಲ.

ಫೋಟೋ ತೆಗೆದವಳು ದೊಡ್ಡಕ್ಕ. ‘ಮೊದಲು’: ಹರಿದ ಸೋಫಾದ ಮೇಲೆ, ಎಲ್ಲೋ ಏನೋ ಚುಚ್ಚಿದ ಮುಖದ ಸ್ಪ್ರಿಂಗಣ್ಣ. ‘ಆಮೇಲೆ’: ನೀಲಿ ಸೋಫಾದ ಮೇಲೆ ಅವನ ಹೆಂಡತಿ. ಬಾಣ ಬೇಕಾಗಲಿಲ್ಲ.

ಆಮೇಲೆ ಅವನು ಅಡುಗೆಮನೆಗೆ ಹೋಗಿ ಕಾಫಿ ತಂದ. ಸಕ್ಕರೆ ಹಾಕುವುದು ಮರೆತಿದ್ದ. ಅಕ್ಕನೆದುರು ಹೆಂಡತಿಗೆ ಕೊಟ್ಟ. ಅವಳು ಕುಡಿದಳು.

ಕೊಟ್ಟ ಮಾತು ನಡೆಯಿತು.